ಕ್ಲಾಸಿಕ್ ಕಾರುಗಳ ರೇಡಿಯೇಟರ್ ಬದಲಾವಣೆ

ಕ್ಲಾಸಿಕ್ ಕಾರುಗಳ ರೇಡಿಯೇಟರ್ ಬದಲಾವಣೆ ಎಂಬುದು ಹಳೆಯ ಕಾರನ್ನು ಪುನರುಜ್ಜೀವನಗೊಳಿಸುವಾಗ ಅದರ ಮೂಲ ರೇಡಿಯೇಟರನ್ನು ತೆಗೆದು, ಕಾರಿನ ತಯಾರಕರಲ್ಲದ ಬೇರೆ ಸಂಸ್ಥೆ ತಯಾರಿಸಿದ ರೇಡಿಯೇಟರನ್ನು ಅಳವಡಿಸುವ ಕೆಲಸವಾಗಿದೆ. ಇಂತಹ ಬಿಡಿಭಾಗಗಳನ್ನು ವ್ಯವಹಾರದಲ್ಲಿ ಆಫ್ಟರ್‌ಮಾರ್ಕೆಟ್ ಭಾಗಗಳೆಂದು ಕರೆಯುತ್ತಾರೆ. ಮೂಲ ರೇಡಿಯೇಟರ್ ದುರಸ್ತಿಗೆ ನಿಲುಕದಷ್ಟು ಹಾಳಾಗಿದ್ದಾಗ, ಅದೇ ಮಾದರಿಯ ಭಾಗವು ದೊರೆಯದಿದ್ದಾಗ ಅಥವಾ ಇಂಜಿನಿನ ಶಕ್ತಿಯನ್ನು ಹೆಚ್ಚಿಸಿದಾಗ ಈ ಬದಲಾವಣೆಯು ಅಗತ್ಯವಾಗುತ್ತದೆ. ರೇಡಿಯೇಟರ್ ತಂಪುಗೊಳಿಸುವ ವ್ಯವಸ್ಥೆಯ ಒಂದು ಅಂಗ ಮಾತ್ರ. ಆದ್ದರಿಂದ ಅದನ್ನು ಬದಲಿಸಿದಾಗ ಮುಚ್ಚಳದ ಒತ್ತಡ, ಫ್ಯಾನು, ಕೂಲಂಟ್ ಮತ್ತು ವಿದ್ಯುತ್ ಸಂಪರ್ಕಗಳನ್ನೂ ಅದಕ್ಕೆ ಹೊಂದಿಸಬೇಕಾಗುತ್ತದೆ. ಇವುಗಳಲ್ಲಿ ಒಂದು ತಪ್ಪಿದರೂ ಸಿಲಿಂಡರ್ ಹೆಡ್ ಬಾಗುವುದು ಅಥವಾ ಬಿರುಕು ಬಿಡುವುದು ಸಾಧ್ಯ. ಉತ್ಪಾದನೆ ನಿಂತು ದಶಕಗಳಾದ ಕಾರಿಗೆ ಇಂತಹ ಭಾಗವು ಮತ್ತೆ ದೊರೆಯುವುದು ಕಷ್ಟ.

ಹಿನ್ನೆಲೆ

ಇಂಜಿನಿನಲ್ಲಿ ಉರಿಯುವ ಇಂಧನದ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೆಯ ಒಂದು ಭಾಗವು ಶಾಖವಾಗಿ ಕೂಲಂಟನ್ನು ಸೇರುತ್ತದೆ. ಆ ಶಾಖವನ್ನು ಗಾಳಿಗೆ ಬಿಡುವುದೇ ರೇಡಿಯೇಟರಿನ ಕೆಲಸ. 1901ರ ಮರ್ಸಿಡಿಸ್ 35 ಅಶ್ವಶಕ್ತಿಯ ಕಾರಿಗಾಗಿ ವಿಲ್ಹೆಲ್ಮ್ ಮೇಬ್ಯಾಕ್ ರೂಪಿಸಿದ ಜೇನುಗೂಡು ರೇಡಿಯೇಟರಿನಲ್ಲಿ ಚೌಕಾಕಾರದ ಸುಮಾರು 8,000 ಕಿರುಕೊಳವೆಗಳಿದ್ದವು. ಗಾಳಿಗೆ ತೆರೆದುಕೊಳ್ಳುವ ಮೇಲ್ಮೈಯನ್ನು ಹೆಚ್ಚಿಸುವ ಈ ತತ್ತ್ವವೇ ಮುಂದಿನ ಎಲ್ಲ ರೇಡಿಯೇಟರುಗಳಿಗೆ ಆಧಾರವಾಯಿತು. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾದರಿ ಟಿ ಕಾರುಗಳಲ್ಲಿ, ಮೊದಲ ಕೆಲವನ್ನು ಬಿಟ್ಟರೆ, ನೀರಿನ ಪಂಪು ಇರಲಿಲ್ಲ. ಬಿಸಿನೀರು ಮೇಲಕ್ಕೇರಿ ತಣ್ಣೀರು ಕೆಳಗಿಳಿಯುವ ಸಹಜ ಚಲನೆಯಿಂದಲೇ ಇಂಜಿನು ತಂಪಾಗುತ್ತಿತ್ತು.

ಎರಡನೆಯ ಮಹಾಯುದ್ಧದ ನಂತರದ ಕಾರುಗಳಲ್ಲಿ ಪಂಪು, ಥರ್ಮೋಸ್ಟಾಟ್ ಮತ್ತು ಒತ್ತಡದ ಮುಚ್ಚಳಗಳು ಸಾಮಾನ್ಯವಾದವು. ಆ ಕಾಲದ ರೇಡಿಯೇಟರುಗಳಲ್ಲಿ ಕೊಳವೆಗಳೂ ಟ್ಯಾಂಕುಗಳೂ ಹಿತ್ತಾಳೆಯವು, ಕೊಳವೆಗಳ ನಡುವಿನ ತೆಳು ರೆಕ್ಕೆಗಳು ತಾಮ್ರದವು. ಇವನ್ನು ಸೀಸ ಮತ್ತು ತವರದ ಬೆಸುಗೆಯಿಂದ ಜೋಡಿಸಲಾಗುತ್ತಿತ್ತು. 1970ರ ದಶಕದಿಂದ ಕಾರು ತಯಾರಕರು ಕ್ರಮೇಣ ಅಲ್ಯೂಮಿನಿಯಂ ರೇಡಿಯೇಟರುಗಳತ್ತ ತಿರುಗಿದರು. ಇಂದು ಹಳೆಯ ಕಾರುಗಳಿಗೆಂದು ಮಾರಾಟವಾಗುವ ಬದಲಿ ರೇಡಿಯೇಟರುಗಳಲ್ಲಿಯೂ ಅಲ್ಯೂಮಿನಿಯಂನವು ಬಹಳಷ್ಟಿವೆ.

ಬದಲಾವಣೆಗೆ ಮುಂಚಿನ ಪರೀಕ್ಷೆ

ಇಂಜಿನು ಅತಿಯಾಗಿ ಬಿಸಿಯಾಗುವುದಕ್ಕೆ ರೇಡಿಯೇಟರೊಂದೇ ಕಾರಣವಲ್ಲ. ಇಗ್ನಿಷನ್ ಟೈಮಿಂಗ್ ತಡವಾಗಿರುವುದು, ಕಾರ್ಬ್ಯುರೇಟರಿನಿಂದ ಬರುವ ಮಿಶ್ರಣದಲ್ಲಿ ಪೆಟ್ರೋಲಿನ ಅಂಶ ಕಡಿಮೆಯಾಗಿರುವುದು, ಥರ್ಮೋಸ್ಟಾಟ್ ತೆರೆದುಕೊಳ್ಳದಿರುವುದು, ಫ್ಯಾನ್ ಬೆಲ್ಟ್ ಸಡಿಲವಾಗಿರುವುದು, ಪಂಪಿನ ಒಳಚಕ್ರ ಸವೆದಿರುವುದು, ಹೆಡ್ ಗ್ಯಾಸ್ಕೆಟ್ ಸೋರುವುದು ಇವೆಲ್ಲವೂ ಅದೇ ಲಕ್ಷಣವನ್ನು ತೋರುತ್ತವೆ. ದಶಕಗಳ ಕಾಲ ಬರಿಯ ನೀರನ್ನು ತುಂಬಿಸಿ ಓಡಿಸಿದ ಎರಕದ ಕಬ್ಬಿಣದ ಇಂಜಿನಿನಲ್ಲಿ ತುಕ್ಕು ಮತ್ತು ಸುಣ್ಣದ ಗಸಿ ಸೇರಿ ಸಿಲಿಂಡರುಗಳ ಸುತ್ತಲಿನ ನೀರಿನ ದಾರಿಯನ್ನೇ ಮುಚ್ಚಿರುವುದುಂಟು. ಇಂತಹ ಇಂಜಿನಿಗೆ ಹೊಸ ರೇಡಿಯೇಟರ್ ಜೋಡಿಸಿದರೆ ಮೂಲ ದೋಷವು ಹಾಗೆಯೇ ಉಳಿಯುತ್ತದೆ. ಜೊತೆಗೆ ಸಡಿಲಗೊಂಡ ಗಸಿಯು ಹೊಸ ಕೊಳವೆಗಳನ್ನು ಸೇರಿ ಅವನ್ನೂ ಕಟ್ಟಿಬಿಡುತ್ತದೆ.

ಕಾರು ನಿಧಾನವಾಗಿ ಚಲಿಸುವಾಗ ಅಥವಾ ನಿಂತಾಗ ಮಾತ್ರ ಬಿಸಿಯಾದರೆ ದೋಷವು ಗಾಳಿಯ ಹರಿವಿನಲ್ಲಿದೆ ಎಂದು ಊಹಿಸಲಾಗುತ್ತದೆ. ಹೆದ್ದಾರಿಯ ವೇಗದಲ್ಲಿ ಬಿಸಿಯಾದರೆ ಕೂಲಂಟಿನ ಹರಿವು ಅಥವಾ ರೇಡಿಯೇಟರಿನ ಸಾಮರ್ಥ್ಯವನ್ನು ಶಂಕಿಸಲಾಗುತ್ತದೆ. ಇನ್‌ಫ್ರಾರೆಡ್ ಉಷ್ಣತಾಮಾಪಕದಿಂದ ರೇಡಿಯೇಟರಿನ ಮೈಯನ್ನು ಅಳೆದಾಗ ನಡುವೆ ತಣ್ಣನೆಯ ಪಟ್ಟಿಗಳು ಕಂಡರೆ ಆ ಭಾಗದ ಕೊಳವೆಗಳು ಕಟ್ಟಿವೆ ಎಂದರ್ಥ. ಹೆಡ್ ಗ್ಯಾಸ್ಕೆಟ್ ಸೋರಿಕೆಯನ್ನು ಪತ್ತೆಹಚ್ಚಲು ರೇಡಿಯೇಟರಿನ ಬಾಯಿಯ ಗಾಳಿಯನ್ನು ನೀಲಿ ಬಣ್ಣದ ದ್ರವದ ಮೂಲಕ ಹಾಯಿಸುವ ಪರೀಕ್ಷೆಯಿದೆ. ದಹನದ ಅನಿಲ ಬೆರೆತಿದ್ದರೆ ಅದರಲ್ಲಿನ ಇಂಗಾಲದ ಡೈಆಕ್ಸೈಡಿನಿಂದಾಗಿ ದ್ರವವು ಹಳದಿಗೆ ತಿರುಗುತ್ತದೆ.

ಲೋಹದ ಆಯ್ಕೆ

ತಾಮ್ರದ ಉಷ್ಣವಾಹಕತೆಯು ಪ್ರತಿ ಮೀಟರ್-ಕೆಲ್ವಿನ್‌ಗೆ ಸುಮಾರು 400 ವಾಟ್‌ಗಳಷ್ಟಿದ್ದರೆ ಅಲ್ಯೂಮಿನಿಯಂನದು ಸುಮಾರು 237. ಆದರೆ ಇದರಿಂದ ತಾಮ್ರದ ರೇಡಿಯೇಟರೇ ಮೇಲು ಎಂದು ತೀರ್ಮಾನಿಸಲಾಗದು. ಹಿತ್ತಾಳೆಯ ಕೊಳವೆಗಳು ಅಗಲವಾದಷ್ಟೂ ಒತ್ತಡಕ್ಕೆ ಉಬ್ಬುವುದರಿಂದ ಅವನ್ನು ಕಿರಿದಾಗಿಸಿ ಮೂರು ಅಥವಾ ನಾಲ್ಕು ಸಾಲುಗಳಲ್ಲಿ ಜೋಡಿಸಲಾಗುತ್ತದೆ. ಅಲ್ಯೂಮಿನಿಯಂನಲ್ಲಿ 25 ಮಿ.ಮೀ. ಅಥವಾ ಅದಕ್ಕೂ ಅಗಲದ ಕೊಳವೆಗಳ ಎರಡೇ ಸಾಲುಗಳಿಂದ ರೆಕ್ಕೆಗಳಿಗೆ ಅಷ್ಟೇ ಅಥವಾ ಹೆಚ್ಚಿನ ಸಂಪರ್ಕ ದೊರೆಯುತ್ತದೆ. ಹೀಗಾಗಿ ಸಾಲುಗಳ ಸಂಖ್ಯೆಯನ್ನು ಮಾತ್ರ ನೋಡಿ ಎರಡು ರೇಡಿಯೇಟರುಗಳನ್ನು ಹೋಲಿಸುವುದು ಸರಿಯಲ್ಲ. ತಾಮ್ರದ ಸಾಂದ್ರತೆಯು ಪ್ರತಿ ಘನ ಸೆಂಟಿಮೀಟರಿಗೆ 8.96 ಗ್ರಾಂ, ಅಲ್ಯೂಮಿನಿಯಂನದು 2.70 ಗ್ರಾಂ. ಆದ್ದರಿಂದ ಅಲ್ಯೂಮಿನಿಯಂ ರೇಡಿಯೇಟರ್ ಹಗುರವಾಗಿರುತ್ತದೆ.

ದುರಸ್ತಿಯ ದೃಷ್ಟಿಯಿಂದ ತಾಮ್ರ-ಹಿತ್ತಾಳೆಯದೇ ಅನುಕೂಲಕರ. ಸೋರುವ ಜಾಗಕ್ಕೆ ಬೆಸುಗೆ ಹಾಕಬಹುದು. ಮೂಲ ಟ್ಯಾಂಕುಗಳನ್ನು ಉಳಿಸಿಕೊಂಡು ನಡುವಿನ ಕೋರ್ ಭಾಗವನ್ನಷ್ಟೇ ಹೊಸದಾಗಿ ಹಾಕಿಸಬಹುದು. ಕಾರಿನ ಹೊರನೋಟವನ್ನು ಕೆಡಿಸದ ಈ ವಿಧಾನವನ್ನು ಬದಲಿ ರೇಡಿಯೇಟರ್ ಕೊಳ್ಳುವ ಮುನ್ನ ಪರಿಗಣಿಸುವುದು ರೂಢಿ.

ಅಳತೆ ಮತ್ತು ಹೊಂದಾಣಿಕೆ

ಬದಲಿ ರೇಡಿಯೇಟರ್ ನಿರ್ದಿಷ್ಟ ಕಾರಿಗೆಂದೇ ತಯಾರಾದುದಾದರೂ ಹೋಸ್ ಪೈಪುಗಳ ಬಾಯಿ, ಬೋಲ್ಟಿನ ರಂಧ್ರ ಮತ್ತು ದಪ್ಪಗಳಲ್ಲಿ ವ್ಯತ್ಯಾಸವಿರಬಹುದು. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕದಲ್ಲಿಟ್ಟು ಇವನ್ನು ಅಳೆಯಲಾಗುತ್ತದೆ. ಅಲ್ಯೂಮಿನಿಯಂ ರೇಡಿಯೇಟರ್ ಮೂಲದ್ದಕ್ಕಿಂತ ದಪ್ಪವಾಗಿರುವುದೇ ಹೆಚ್ಚು. ಆದ್ದರಿಂದ ಅದಕ್ಕೂ ಇಂಜಿನಿನ ಫ್ಯಾನಿಗೂ ನಡುವೆ ಸುಮಾರು 25 ಮಿ.ಮೀ. ಅಂತರ ಉಳಿಯುತ್ತದೆಯೇ ಎಂದು ನೋಡಬೇಕಾಗುತ್ತದೆ. ರಬ್ಬರ್ ಆಧಾರಗಳ ಮೇಲೆ ಕುಳಿತ ಇಂಜಿನು ಜೋರಾಗಿ ಬ್ರೇಕ್ ಹಾಕಿದಾಗ ಮುಂದಕ್ಕೆ ಸರಿಯುವುದರಿಂದ ಈ ಅಂತರ ಅಗತ್ಯ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇರುವ ಕಾರುಗಳಲ್ಲಿ ಗೇರ್ ಆಯಿಲನ್ನು ತಂಪುಗೊಳಿಸುವ ಸುರುಳಿಯು ರೇಡಿಯೇಟರಿನ ಟ್ಯಾಂಕಿನೊಳಗೇ ಇರುವುದರಿಂದ, ಹೊಸದರಲ್ಲಿಯೂ ಅದು ಇರಬೇಕು ಅಥವಾ ಪ್ರತ್ಯೇಕ ಕೂಲರ್ ಅಳವಡಿಸಬೇಕು.

ಅಳವಡಿಸುವ ವಿಧಾನ

ಇಂಜಿನು ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿಯ ಸಂಪರ್ಕವನ್ನು ತಪ್ಪಿಸಿ ಹಳೆಯ ಕೂಲಂಟನ್ನು ಪಾತ್ರೆಯೊಂದಕ್ಕೆ ಇಳಿಸಲಾಗುತ್ತದೆ. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದರೂ ವಿಷಕಾರಿ. ನೆಲದ ಮೇಲೆ ಚೆಲ್ಲಿದ್ದನ್ನು ನೆಕ್ಕಿದ ನಾಯಿ, ಬೆಕ್ಕುಗಳು ಸಾಯುವ ಸಂಭವವಿದೆ. ಆದ್ದರಿಂದ ಅದನ್ನು ಚರಂಡಿಗೆ ಬಿಡುವುದಿಲ್ಲ. ಬಳಿಕ ಇಂಜಿನಿನ ನೀರಿನ ದಾರಿಗಳನ್ನು ಹರಿವಿನ ವಿರುದ್ಧ ದಿಕ್ಕಿನಿಂದ, ತಿಳಿನೀರು ಬರುವವರೆಗೆ ತೊಳೆಯಲಾಗುತ್ತದೆ.

ಹೊಸ ರೇಡಿಯೇಟರನ್ನು ರಬ್ಬರ್ ಬುಷ್‌ಗಳ ಮೇಲೆ ಕೂರಿಸಲಾಗುತ್ತದೆ. ಹಳೆಯ ಕಾರಿನ ಚಾಸಿಯು ಒರಟು ರಸ್ತೆಯಲ್ಲಿ ತಿರುಚಿಕೊಳ್ಳುವಾಗ ಆ ಒತ್ತಡ ರೇಡಿಯೇಟರಿಗೆ ತಾಗದಂತೆ ಈ ಬುಷ್‌ಗಳು ತಡೆಯುತ್ತವೆ. ಅಲ್ಯೂಮಿನಿಯಂ ರೇಡಿಯೇಟರನ್ನು ಕಾರಿನ ವಿದ್ಯುತ್ ಅರ್ತ್‌ನಿಂದ ಬೇರ್ಪಡಿಸಿಡಲೂ ಅವು ನೆರವಾಗುತ್ತವೆ. ಬೋಲ್ಟಿನ ರಂಧ್ರಗಳು ಕೂಡದಿದ್ದರೆ ಬಾಡಿಗೆ ಹೊಸ ರಂಧ್ರ ಕೊರೆಯುವ ಬದಲು, ಮೂಲ ರಂಧ್ರಗಳಿಗೆ ಹೊಂದುವ ಬ್ರಾಕೆಟ್‌ಗಳನ್ನು ಮಾಡಿಸಿಕೊಳ್ಳಲಾಗುತ್ತದೆ. ಕೆಳಗಿನ ಹೋಸ್ ಪಂಪಿನ ಹೀರುವ ಬದಿಯಲ್ಲಿರುವುದರಿಂದ, ಹೆಚ್ಚಿನ ವೇಗದಲ್ಲಿ ಅದು ಚಪ್ಪಟೆಯಾಗದಂತೆ ಕೆಲವು ಕಾರುಗಳಲ್ಲಿ ಒಳಗೆ ತಂತಿಯ ಸ್ಪ್ರಿಂಗ್ ಇರುತ್ತದೆ. ಹೋಸ್ ಬದಲಿಸುವಾಗ ಅದನ್ನು ಮರೆಯದೆ ಮತ್ತೆ ಹಾಕಬೇಕಾಗುತ್ತದೆ.

ಕೂಲಂಟ್ ತುಂಬುವಾಗ ಹೀಟರಿನ ಕವಾಟವನ್ನು ತೆರೆದಿಟ್ಟು, ಒಳಗೆ ಸಿಲುಕಿದ ಗಾಳಿ ಹೊರಬರಲೆಂದು ಕಾರಿನ ಮುಂಭಾಗವನ್ನು ತುಸು ಎತ್ತರಿಸಲಾಗುತ್ತದೆ. ಥರ್ಮೋಸ್ಟಾಟ್ ತೆರೆದುಕೊಂಡಾಗ ಮೇಲಿನ ಹೋಸ್ ಬಿಸಿಯಾಗುತ್ತದೆ ಮತ್ತು ದ್ರವದ ಮಟ್ಟ ಇಳಿಯುತ್ತದೆ. ಮುಚ್ಚಳ ತೆರೆದಿರುವ ಈ ಹಂತದಲ್ಲಿ ಬಿಸಿ ದ್ರವ ಉಕ್ಕದಂತೆ ಎಚ್ಚರ ವಹಿಸಿ ನಿಧಾನವಾಗಿ ತುಂಬಿ ಮುಚ್ಚಲಾಗುತ್ತದೆ. ಒಮ್ಮೆ ಬಿಸಿಯಾಗಿ ತಣಿದ ಬಳಿಕ ಮಟ್ಟವನ್ನೂ ಹೋಸ್ ಕ್ಲಿಪ್‌ಗಳ ಬಿಗಿಯನ್ನೂ ಮತ್ತೊಮ್ಮೆ ನೋಡುವುದು ಅಗತ್ಯ.

ಒತ್ತಡದ ಮುಚ್ಚಳ

ಸಮುದ್ರಮಟ್ಟದಲ್ಲಿ 100 °ಸೆ.ನಲ್ಲಿ ಕುದಿಯುವ ನೀರು, ವಾತಾವರಣದ ಒತ್ತಡಕ್ಕಿಂತ 7 ಪಿಎಸ್‌ಐ ಹೆಚ್ಚಿನ ಒತ್ತಡದಲ್ಲಿ ಸುಮಾರು 111 °ಸೆ.ನಲ್ಲಿಯೂ 15 ಪಿಎಸ್‌ಐ ಹೆಚ್ಚಿನ ಒತ್ತಡದಲ್ಲಿ ಸುಮಾರು 121 °ಸೆ.ನಲ್ಲಿಯೂ ಕುದಿಯುತ್ತದೆ. ಅಡುಗೆಮನೆಯ ಪ್ರೆಷರ್ ಕುಕ್ಕರ್ ಕೆಲಸ ಮಾಡುವುದೂ ಇದೇ ತತ್ತ್ವದ ಮೇಲೆ. ಬದಲಿ ರೇಡಿಯೇಟರ್ ಹೆಚ್ಚಿನ ಒತ್ತಡವನ್ನು ತಾಳಬಲ್ಲದಾದರೂ ಹಳೆಯ ಹೀಟರಿನ ಬೆಸುಗೆ, ಪಂಪಿನ ಸೀಲು ಮತ್ತು ಹೋಸ್‌ಗಳು ಮೂಲ ಮುಚ್ಚಳದ ಒತ್ತಡಕ್ಕೆ ತಕ್ಕಂತೆ ರೂಪುಗೊಂಡಿರುತ್ತವೆ. ಆದ್ದರಿಂದ ಕಾರಿನ ಕೈಪಿಡಿಯಲ್ಲಿ ಸೂಚಿಸಿದ ಒತ್ತಡದ ಮುಚ್ಚಳವನ್ನೇ ಬಳಸುವುದು ಸುರಕ್ಷಿತ. ಮುಚ್ಚಳವು ಹೊಸ ರೇಡಿಯೇಟರಿನ ಕುತ್ತಿಗೆಯ ಆಳಕ್ಕೂ ಹೊಂದಬೇಕು, ಇಲ್ಲದಿದ್ದರೆ ಒಳಗಿನ ಸೀಲು ಸರಿಯಾಗಿ ಕೂರದೆ ಒತ್ತಡವೇ ನಿಲ್ಲುವುದಿಲ್ಲ. ಬಿಸಿಯಾದ ವ್ಯವಸ್ಥೆಯ ಮುಚ್ಚಳವನ್ನು ತೆರೆದರೆ ಒತ್ತಡ ಕುಸಿದು ದ್ರವವು ಒಮ್ಮೆಲೇ ಕುದಿದು ಚಿಮ್ಮುತ್ತದೆ. ಇದರಿಂದ ತೀವ್ರ ಸುಟ್ಟಗಾಯಗಳಾಗುತ್ತವೆ.

ಫ್ಯಾನು ಮತ್ತು ವಿದ್ಯುತ್ ಸಂಪರ್ಕ

ರೇಡಿಯೇಟರಿನೊಂದಿಗೆ ವಿದ್ಯುತ್ ಫ್ಯಾನನ್ನೂ ಅಳವಡಿಸುವುದುಂಟು. ಇಂಜಿನಿನಿಂದ ತಿರುಗುವ ಫ್ಯಾನು, ಗಾಳಿ ಹೆಚ್ಚು ಬೇಕಾದ ವಾಹನ ದಟ್ಟಣೆಯಲ್ಲಿಯೇ ನಿಧಾನವಾಗಿ ತಿರುಗುತ್ತದೆ. 1962ರಲ್ಲಿ ಮಾರುಕಟ್ಟೆಗೆ ಬಂದ ಎಂಜಿಬಿ ಕಾರಿಗೆ ಮೊದಲು ಇಂಜಿನ್ ಚಾಲಿತ ಫ್ಯಾನಿತ್ತು. 1970ರ ದಶಕದ ಉತ್ತರಾರ್ಧದ ಮಾದರಿಗಳಿಗೆ ತಯಾರಕರೇ ವಿದ್ಯುತ್ ಫ್ಯಾನನ್ನು ನೀಡಿದರು.

ಹಳೆಯ ಕಾರುಗಳ ಡೈನಮೊ ಈ ಬದಲಾವಣೆಗೆ ಮಿತಿಯನ್ನು ಒಡ್ಡುತ್ತದೆ. ಬ್ರಿಟಿಷ್ ಕಾರುಗಳಲ್ಲಿ ವ್ಯಾಪಕವಾಗಿದ್ದ ಲೂಕಾಸ್ ಸಿ40 ಡೈನಮೊದ ಗರಿಷ್ಠ ಸಾಮರ್ಥ್ಯ 22 ಆಂಪಿಯರ್. ಇಂಜಿನು ನಿಧಾನಗತಿಯಲ್ಲಿರುವಾಗ ಅದು ಬಹಳ ಕಡಿಮೆ ವಿದ್ಯುತ್ತನ್ನು ನೀಡುತ್ತದೆ. ಹೀಗಾಗಿ ಫ್ಯಾನು ಬ್ಯಾಟರಿಯನ್ನೇ ಬರಿದುಮಾಡಬಹುದು. 1967ರವರೆಗಿನ ಎಂಜಿಬಿ ಸೇರಿದಂತೆ ಅನೇಕ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಧನ ಧ್ರುವವು ಅರ್ತ್‌ಗೆ ಜೋಡಣೆಯಾಗಿರುತ್ತದೆ. ಇಂತಹ ಕಾರಿನಲ್ಲಿ ಫ್ಯಾನಿನ ತಂತಿಗಳನ್ನು ಅದಲುಬದಲಾಗಿ ಜೋಡಿಸದಿದ್ದರೆ ಅದು ಹಿಮ್ಮುಖವಾಗಿ ತಿರುಗಿ, ಕಾರಿನ ಚಲನೆಯಿಂದ ಬರುವ ಗಾಳಿಗೆ ಎದುರಾಗಿ ಬೀಸುತ್ತದೆ. ಫ್ಯಾನಿಗೆ ಪ್ರತ್ಯೇಕ ರಿಲೇ ಮತ್ತು ಫ್ಯೂಸ್ ಅಗತ್ಯ. ರೆಕ್ಕೆಗಳ ನಡುವೆ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಫ್ಯಾನನ್ನು ಕಟ್ಟಿದರೆ ಅದರ ಕಂಪನದಿಂದ ಕೊಳವೆಗಳು ಸವೆಯುವುದರಿಂದ, ಅದನ್ನು ಚೌಕಟ್ಟಿಗೇ ಬಿಗಿಯುವುದು ಉಚಿತ.

ಕೂಲಂಟ್ ಮತ್ತು ಲೋಹದ ನಶಿಸುವಿಕೆ

ಎರಕದ ಕಬ್ಬಿಣ, ಹಿತ್ತಾಳೆ ಮತ್ತು ಅಲ್ಯೂಮಿನಿಯಂಗಳು ಒಂದೇ ದ್ರವದಲ್ಲಿ ಮುಳುಗಿದಾಗ ಅವು ವಿದ್ಯುತ್ಕೋಶದಂತೆ ವರ್ತಿಸುತ್ತವೆ ಮತ್ತು ಹೆಚ್ಚು ಕ್ರಿಯಾಶೀಲವಾದ ಅಲ್ಯೂಮಿನಿಯಂ ಮೊದಲು ನಶಿಸುತ್ತದೆ. ಇದನ್ನು ತಡೆಯುವ ರಾಸಾಯನಿಕಗಳು ಕೂಲಂಟಿನಲ್ಲಿರುತ್ತವೆ. ಅವು ಕಾಲಕ್ರಮೇಣ ಕ್ಷೀಣಿಸುವುದರಿಂದ ತಯಾರಕರು ಸೂಚಿಸಿದ ಅವಧಿಗೆ ಕೂಲಂಟನ್ನು ಬದಲಿಸಬೇಕಾಗುತ್ತದೆ. ಕೊಳವೆಬಾವಿಯ ಗಡಸುನೀರಿನ ಬದಲು ಬಟ್ಟಿ ಇಳಿಸಿದ ನೀರನ್ನು ಬೆರೆಸಲಾಗುತ್ತದೆ. ಸೀಸದ ಬೆಸುಗೆಯಿರುವ ಹಳೆಯ ಹೀಟರ್ ಉಳಿದಿರುವ ಕಾರಿಗೆ, ಅಂತಹ ವ್ಯವಸ್ಥೆಗೆ ಯೋಗ್ಯವೆಂದು ಸೂಚಿಸಿರುವ ಕೂಲಂಟನ್ನೇ ಆರಿಸಲಾಗುತ್ತದೆ.

ಅರ್ತ್ ಸಂಪರ್ಕ ಸರಿಯಿಲ್ಲದಿದ್ದರೆ ವಿದ್ಯುತ್ ಪ್ರವಾಹವು ಕೂಲಂಟಿನ ಮೂಲಕವೇ ಹರಿದು ರೇಡಿಯೇಟರನ್ನು ಕೆಲವೇ ಕಾಲದಲ್ಲಿ ತೂತುಮಾಡಬಲ್ಲದು. ಇದನ್ನು ಪರೀಕ್ಷಿಸಲು, ಇಂಜಿನು ತಣ್ಣಗಿರುವಾಗ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಅರ್ತ್ ತುದಿಗೂ ಇನ್ನೊಂದನ್ನು ಲೋಹಕ್ಕೆ ತಾಗದಂತೆ ಕೂಲಂಟಿಗೂ ಹಿಡಿದು, ದೀಪ, ಹಾರನ್, ಫ್ಯಾನುಗಳನ್ನು ಒಂದೊಂದಾಗಿ ಚಾಲೂ ಮಾಡಲಾಗುತ್ತದೆ. ವೋಲ್ಟೇಜ್ 0.1ಕ್ಕಿಂತ ಹೆಚ್ಚಿದರೆ ಆ ಉಪಕರಣದ ಅರ್ತ್ ಸಂಪರ್ಕವನ್ನು ಸರಿಪಡಿಸುವುದು ಕಾರ್ಯಾಗಾರಗಳ ರೂಢಿ.

ಮೂಲರೂಪದ ಪ್ರಶ್ನೆ

ಐತಿಹಾಸಿಕ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಫಿವಾ 1966ರಲ್ಲಿ ಸ್ಥಾಪನೆಯಾಯಿತು. ಅದರ ಟ್ಯೂರಿನ್ ಸನ್ನದಿನ ಪ್ರಕಾರ ಅನಿವಾರ್ಯ ಮಾರ್ಪಾಡುಗಳು ವಾಹನದ ಮೂಲ ರಚನೆಗೂ ನೋಟಕ್ಕೂ ಧಕ್ಕೆ ತರಬಾರದು, ಸಾಧ್ಯವಾದಷ್ಟೂ ಹಿಂದಿನ ಸ್ಥಿತಿಗೆ ಮರಳಿಸುವಂತಿರಬೇಕು ಮತ್ತು ತೆಗೆದ ಮುಖ್ಯ ಮೂಲಭಾಗಗಳನ್ನು ವಾಹನದೊಂದಿಗೇ ಕಾಪಿಡಬೇಕು. ಈ ದೃಷ್ಟಿಯಿಂದ ಹಳೆಯ ರೇಡಿಯೇಟರನ್ನು ಗುಜರಿಗೆ ಹಾಕದೆ ಒಣಗಿಸಿ ಇಡಲಾಗುತ್ತದೆ. ಹೊಳೆಯುವ ಅಲ್ಯೂಮಿನಿಯಂ ಹೊರಗೆ ಎದ್ದು ಕಾಣದಿರಲೆಂದು ಅದಕ್ಕೆ ತೆಳುವಾದ ಕಪ್ಪು ಬಣ್ಣ ಬಳಿಯುವ ಪದ್ಧತಿಯೂ ಇದೆ. ಬಣ್ಣ ದಪ್ಪವಾದರೆ ಶಾಖದ ವಿಸರ್ಜನೆ ಕುಗ್ಗುತ್ತದೆ.

ಭಾರತದಲ್ಲಿ

ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯನ್ನು ಆಧರಿಸಿದ ಹಿಂದೂಸ್ತಾನ್ ಅಂಬಾಸಿಡರ್ ಕಾರಿನಲ್ಲಿ ದೀರ್ಘಕಾಲ ಬಳಕೆಯಲ್ಲಿದ್ದ 1,489 ಸಿಸಿ ಇಂಜಿನು, ಎಂಜಿಬಿಯ 1,798 ಸಿಸಿ ಇಂಜಿನಿನಂತೆಯೇ ಬಿಎಂಸಿ ಬಿ-ಸರಣಿಗೆ ಸೇರಿದ್ದು. ಅಂಬಾಸಿಡರ್ ಉತ್ಪಾದನೆಯು 2014ರಲ್ಲಿ ಸ್ಥಗಿತಗೊಂಡಿತು. ಭಾರತದ ನಗರಗಳಲ್ಲಿ ತಾಮ್ರದ ರೇಡಿಯೇಟರುಗಳ ಕೋರ್ ಬದಲಿಸಿಕೊಡುವ ಕುಶಲಕರ್ಮಿಗಳು ಇಂದಿಗೂ ಇರುವುದರಿಂದ, ಇಂತಹ ಕಾರುಗಳಿಗೆ ಮೂಲ ಟ್ಯಾಂಕನ್ನು ಉಳಿಸಿಕೊಳ್ಳುವ ದಾರಿ ತೆರೆದಿದೆ. 2021ರಲ್ಲಿ ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯವು ಪ್ರಕಟಿಸಿದ ನಿಯಮಗಳ ಪ್ರಕಾರ, 50 ವರ್ಷಗಳಿಗಿಂತ ಹಳೆಯದಾದ, ಮೂಲರೂಪದಲ್ಲಿ ಉಳಿಸಿಕೊಂಡು ಬಂದ ಹಾಗೂ ಗಣನೀಯ ಮಾರ್ಪಾಡಿಗೆ ಒಳಗಾಗದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ವಾಹನಗಳೆಂದು ನೋಂದಾಯಿಸಬಹುದಾಗಿದೆ.