ಕೈಗುಣ ಅಂತೇನಿಲ್ಲ: ತಾರಸಿ ತೋಟದ ಒಂದು ವಸಂತದ ಲೆಕ್ಕ

ಕಳೆದ ಎಪಿಸೋಡ್‌ನಲ್ಲಿ ಎಸ್‌ಐಪಿ ಬಗ್ಗೆ ಮಾತಾಡಿದ್ವಿ. ಈ ಸಲ ದುಡ್ಡಿನ ವಿಷಯ ಕಡಿಮೆ, ಗಿಡದ ವಿಷಯ ಜಾಸ್ತಿ. ಆದರೂ ಬಿಕಾಂ ಓದಿದವರ ಬಾಯಲ್ಲಿ ಲೆಕ್ಕ ಬರದೇ ಇರಲ್ಲ, ಸಹಿಸ್ಕೊಳ್ಳಿ.

ಇವತ್ತು ಬೆಳಿಗ್ಗೆ ತಾರಸಿ ಹತ್ತಿದರೆ ಹೆಬ್ಬೆರಳಷ್ಟು ದಪ್ಪದ ಒಂದು ಸೋರೆ ಪೀಚು ಹಳದಿ ತಿರುಗಿ ಕೆಳಗೆ ಬಿದ್ದಿತ್ತು. ಈ ಸೀಸನ್‌ನಲ್ಲಿ ಇದು ಐದನೇದು. ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. ಎರಡೇ ನಿಮಿಷಕ್ಕೆ ವಾಯ್ಸ್ ಮೆಸೇಜ್: "ನಿನ್ನ ಕೈಗುಣಾನೇ ಅಷ್ಟು, ಬಿಟ್ಬಿಡು. ನಿಮ್ಮಜ್ಜಿ ಕಡ್ಡಿ ಚುಚ್ಚಿದ್ರೂ ಚಿಗುರ್ತಿತ್ತು."

ಈ ಕೈಗುಣ ಅನ್ನೋ ಮಾತಿದೆಯಲ್ಲ, ನಮ್ಮಲ್ಲಿ ಎಷ್ಟೋ ಜನ ಮೊದಲ ಕುಂಡ ಒಣಗಿದ ದಿನವೇ ಗಾರ್ಡನಿಂಗ್ ಬಿಡೋದು ಇದರಿಂದಲೇ ಅಂತ ನನ್ನ ಅನುಮಾನ. ಮೂರು ವಸಂತ ತಾರಸಿ ಮೇಲೆ ಕಳೆದ ಮೇಲೆ ನಾನು ಇದನ್ನ ನಂಬೋದು ಬಿಟ್ಟಿದ್ದೀನಿ. ಉದುರೋದಕ್ಕೆ, ಬಾಡೋದಕ್ಕೆ, ಹುಳ ಹಿಡಿಯೋದಕ್ಕೆ ಎಲ್ಲದಕ್ಕೂ ಒಂದು ಕಾರಣ ಇರುತ್ತೆ, ಮತ್ತು ಆ ಕಾರಣ ಸಾಮಾನ್ಯವಾಗಿ ಕಣ್ಣಿಗೆ ಕಾಣೋ ಹಾಗೇ ಇರುತ್ತೆ.

ಸೋರೆಯನ್ನೇ ತಗೊಳ್ಳಿ. ಸೋರೆ, ಹೀರೆ, ಕುಂಬಳ, ಈ ಬಳ್ಳಿಗಳಲ್ಲೆಲ್ಲ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವಿನ ಕೆಳಗೆ ಹುಟ್ಟುವಾಗಲೇ ಪುಟ್ಟ ಕಾಯಿಯ ಆಕಾರ ಇರುತ್ತೆ. ಗಂಡು ಹೂವಿಗೆ ಬರೀ ಉದ್ದ ತೊಟ್ಟು. ಸಾಮಾನ್ಯವಾಗಿ ಮೊದಲು ಬರೋದು ಗಂಡು ಹೂಗಳೇ. "ಬರೀ ಹೂ ಬಿಡುತ್ತೆ, ಕಾಯೇ ಕಟ್ಟಲ್ಲ" ಅಂತ ನಾವು ಬೈಕೊಳ್ಳೋ ದಿನಗಳಲ್ಲಿ ಬಳ್ಳಿ ತನ್ನ ಕ್ರಮದಲ್ಲೇ ಇರುತ್ತೆ. ಆಮೇಲೆ ಹೆಣ್ಣು ಹೂ ಬರುತ್ತೆ. ಪರಾಗ ಸಿಕ್ಕಿದರೆ ಕೆಳಗಿನ ಪೀಚು ದಪ್ಪ ಆಗುತ್ತೆ, ಸಿಗದಿದ್ದರೆ ಹಳದಿ ಆಗಿ ಬೀಳುತ್ತೆ.

ಹಾಗಾದರೆ ನನ್ನ ತಾರಸಿಯಲ್ಲಿ ಪರಾಗ ಯಾಕೆ ಸಿಗ್ತಿಲ್ಲ? ಸೋರೆಯ ಬಿಳಿ ಹೂ ಅರಳೋದು ಸಂಜೆ. ಅದಕ್ಕೆ ಪರಾಗ ತಲುಪಿಸೋರಲ್ಲಿ ರಾತ್ರಿ ಹಾರೋ ಪತಂಗಗಳದ್ದೇ ದೊಡ್ಡ ಪಾಲು. ಬಸವೇಶ್ವರನಗರದ ಮೂರನೇ ಮಹಡಿಯ ಮೇಲೆ, ಪಕ್ಕದ ಕಟ್ಟಡದ ಬಿಳಿ ಲೈಟಿನಡಿ ಪತಂಗ ನಾನಂತೂ ನೋಡಿಲ್ಲ. ಹಾಗಾಗಿ ಆ ಕೆಲಸ ನಾವೇ ಮಾಡಬೇಕು. ಸಂಜೆ ಗಂಡು ಹೂ ಕಿತ್ತು, ದಳ ಬಿಡಿಸಿ, ಮಧ್ಯದ ಹಳದಿ ಪುಡಿಯನ್ನ ಹೆಣ್ಣು ಹೂವಿನ ನಡುವೆ ಮೆಲ್ಲಗೆ ಒತ್ತಿ ಸವರಬೇಕು. ಹೀರೆಕಾಯಿಗೂ ಹೀಗೇ, ಸಂಜೆನೇ. ಕುಂಬಳಕ್ಕೆ ಮಾತ್ರ ಬೆಳಿಗ್ಗೆ, ಬಿಸಿಲೇರೋ ಮುಂಚೆ. ನಾನು ಐದು ಪೀಚು ಕಳಕೊಂಡದ್ದು ಹೇಗೆ ಅಂದ್ರೆ, ಆಫೀಸ್ ಮುಗಿಸಿ ಬರೋಷ್ಟರಲ್ಲಿ ಗಂಟೆ ಒಂಬತ್ತಾಗಿ, "ನಾಳೆ ಬೆಳಿಗ್ಗೆ ಮಾಡೋಣ" ಅಂತ ಮಲಗ್ತಿದ್ದೆ. ಬೆಳಿಗ್ಗೆ ಹೋದರೆ ಹೂ ಮುದುಡಿರುತ್ತೆ. ಇದರಲ್ಲಿ ಕೈಗುಣ ಎಲ್ಲಿಂದ ಬಂತು? ಟೈಮಿಂಗ್ ತಪ್ಪಿತ್ತು, ಅಷ್ಟೆ.

ಈಗ ನೀರಿನ ವಿಷಯ. ಬೆಂಗಳೂರಲ್ಲಿ ಗಿಡ ಸಾಕೋರಿಗೆ ಇದಕ್ಕಿಂತ ದೊಡ್ಡ ತಲೆನೋವಿಲ್ಲ.

ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಓಡಿಹೋಗುತ್ತೆ ಅಂತಾರಲ್ಲ, ಆಮೇಲಿನ ಎರಡು ತಿಂಗಳು ಗಿಡಗಳಿಗೆ ಹಬ್ಬ. ಮಲ್ಲಿಗೆ ಮೊಗ್ಗು, ಕರಿಬೇವಿನ ಚಿಗುರು, ದಾಸವಾಳ, ಎಲ್ಲ ಒಟ್ಟಿಗೆ. ಬೋರ್‌ವೆಲ್ ಬತ್ತೋದೂ ಅದೇ ಹೊತ್ತಿಗೆ. 2024ರ ಮಾರ್ಚ್ ನೆನಪಿದೆಯಲ್ಲ? ಕುಡಿಯೋ ನೀರನ್ನ ಕಾರು ತೊಳೆಯೋಕೆ, ಗಿಡಕ್ಕೆ ಹಾಕೋಕೆ ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತ್ತು. 2025ರ ಫೆಬ್ರವರಿಯಲ್ಲಿ ಮತ್ತೆ ಅದೇ ಆದೇಶ. ನನಗೆ ಇದರ ಬಗ್ಗೆ ಸಿಟ್ಟಿಲ್ಲ. ಕೆಳಗಿನ ಮನೆಯವರು ಸ್ನಾನಕ್ಕೆ ಟ್ಯಾಂಕರ್ ಕಾಯ್ತಿರುವಾಗ ನಾನು ಮೇಲೆ ಪೈಪ್ ಹಿಡಿದು ನಿಲ್ಲೋದು ಸರಿ ಅಲ್ಲ.

ಆದರೆ ಗಿಡ ಸಾಯೋಕೆ ಬಿಡೋದಾ? ಒಂದು ಭಾನುವಾರ ಆರ್‌ಒ ಫಿಲ್ಟರ್‌ನ ಹೊರಗಿನ ಪೈಪ್‌ಗೆ ಬಕೆಟ್ ಇಟ್ಟು ಅಳೆದೆ. ನಾವು ಮೂರು ಜನ ಕುಡಿಯೋಕೆ, ಅಡುಗೆಗೆ ಎಂಟು ಲೀಟರ್ ಹಿಡಿದ್ರೆ ಸಿಂಕಿಗೆ ಹೋಗ್ತಿದ್ದದ್ದು ಸುಮಾರು ಇಪ್ಪತ್ತು ಲೀಟರ್! ಮಾರನೇ ದಿನದಿಂದಲೇ ಅದೇ ನೀರು ತಾರಸಿಗೆ ಹೋಯ್ತು. ಮೂರು ವಾರ ಎಲ್ಲ ಚೆನ್ನಾಗಿತ್ತು. ಆಮೇಲೆ ಮೆಣಸಿನ ಗಿಡದ ಎಲೆ ಅಂಚು ಸುಟ್ಟ ಹಾಗೆ ಕಂದು ಆಗೋಕೆ ಶುರು. ರೋಗ ಅಂದ್ಕೊಂಡು ಬೇವಿನ ಎಣ್ಣೆ ಹೊಡೆದೆ, ಏನೂ ಆಗಲಿಲ್ಲ. ಆಮೇಲೆ ಹೊಳೀತು: ಆರ್‌ಒ ಮಾಡೋದೇ ನೀರಿನ ಉಪ್ಪಿನಂಶವನ್ನೆಲ್ಲ ಒಂದು ಕಡೆ ತಳ್ಳೋದು. ಆ ಉಪ್ಪೆಲ್ಲ ಸೇರಿರೋದು ನಾನು ಬಕೆಟ್‌ನಲ್ಲಿ ಹಿಡಿದ ನೀರಲ್ಲೇ. ನಮ್ಮ ಬೋರ್‌ವೆಲ್ ನೀರು ಮೊದಲೇ ಗಡಸು. ನೆಲದಲ್ಲಾದರೆ ಮಳೆ ತೊಳೆದುಕೊಂಡು ಹೋಗುತ್ತೆ, ಸಣ್ಣ ಕುಂಡದಲ್ಲಿ ಎಲ್ಲಿಗೆ ಹೋಗಬೇಕು? ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟಿದ್ದು ಕಣ್ಣೆದುರೇ ಇತ್ತು, ನಾನು ನೋಡಿರಲಿಲ್ಲ.

ಈಗ ಮಾಡ್ತಿರೋದು ಇಷ್ಟು. ಆರ್‌ಒ ನೀರು ಮನೆ ಒರೆಸೋಕೆ, ಉಳಿದದ್ದು ದಿನ ಬಿಟ್ಟು ದಿನ ದಾಸವಾಳ, ಕಾಗದದ ಹೂವಿನಂಥ ಗಟ್ಟಿ ಗಿಡಗಳಿಗೆ. ಅಕ್ಕಿ ತೊಳೆದ ನೀರು, ಸೊಪ್ಪು ತರಕಾರಿ ತೊಳೆದ ನೀರು ಮಿಕ್ಕವಕ್ಕೆ. ಅಡುಗೆಮನೆಯಲ್ಲಿ ಒಂದು ಹಳೇ ಪೇಂಟ್ ಬಕೆಟ್ ಇಟ್ಟಿದ್ದೀವಿ, ದಿನಕ್ಕೆ ಒಂಬತ್ತು ಹತ್ತು ಲೀಟರ್ ಆರಾಮಾಗಿ ಸೇರುತ್ತೆ. ಅದನ್ನ ಅವತ್ತೇ ಹಾಕಬೇಕು, ಮೂರು ದಿನ ಇಟ್ಟರೆ ವಾಸನೆ, ಸೊಳ್ಳೆ. ಇನ್ನು ಎಳನೀರು ಗಾಡಿಯವರ ಹತ್ತಿರ ಒಣಗಿದ ಬುರುಡೆ ತಂದು, ನಾರು ಬಿಡಿಸಿ, ಮಣ್ಣಿನ ಮೇಲೆ ಎರಡಿಂಚು ಹಾಸಿದೆ. ಇದೊಂದು ಮಾಡಿದ್ದಕ್ಕೆ ದಿನಾ ನೀರು ಕೇಳ್ತಿದ್ದ ಬದನೆ ಗಿಡ ಈಗ ಎರಡು ದಿನಕ್ಕೊಮ್ಮೆ ಕೇಳುತ್ತೆ. ನೀರು ಬೇಕಾ ಬೇಡ್ವಾ ಅಂತ ತಿಳಿಯೋಕೆ ಆಪ್ ಬೇಡ, ಬೆರಳು ಎರಡು ಗೆಣ್ಣಿನಷ್ಟು ಒಳಗೆ ಚುಚ್ಚಿ ನೋಡಿ. ಮಧ್ಯಾಹ್ನ ಎಲೆ ಜೋತುಬಿದ್ದ ತಕ್ಷಣ ಓಡಿಹೋಗಿ ನೀರು ಹಾಕಬೇಡಿ. ಬಿಸಿಲಿಗೆ ಜೋತುಬಿದ್ದು ಸಂಜೆಗೆ ಎದ್ದು ನಿಂತರೆ ಬೇರಿಗೆ ನೀರಿದೆ ಅಂತಲೇ ಅರ್ಥ.

ಟೊಮೆಟೊ ಬಗ್ಗೆ ತುಂಬ ಜನ ಕೇಳಿದ್ರಿ. ಹೂ ಉದುರೋಕೆ ಕಾರಣ ಹೆಚ್ಚಾಗಿ ಸೆಕೆ. ಹಗಲು 35 ಡಿಗ್ರಿ ಹತ್ತಿರ ಹೋಗಿ, ರಾತ್ರಿಯೂ ತಂಪಾಗದಿದ್ದರೆ ಅದರ ಪರಾಗ ಕೆಲಸ ಮಾಡಲ್ಲ. 2024ರ ಏಪ್ರಿಲ್‌ನಲ್ಲಿ ಬೆಂಗಳೂರೇ 38 ದಾಟಿತ್ತು, ಕಾಂಕ್ರೀಟ್ ತಾರಸಿ ಮೇಲೆ ಎಷ್ಟಿತ್ತೋ ನೀವೇ ಊಹಿಸ್ಕೊಳ್ಳಿ. ಏಪ್ರಿಲ್‌ನಲ್ಲಿ ಟೊಮೆಟೊ ಬೇಕು ಅಂತ ಹಟ ಮಾಡೋದಕ್ಕಿಂತ ಅಕ್ಟೋಬರ್‌ನಲ್ಲಿ ಬೀಜ ಹಾಕಿ ಜನವರಿ ಫೆಬ್ರವರಿಗೆ ತಿನ್ನೋದು ವಾಸಿ. ಎಲೆ ಮುರುಟು ರೋಗದ ಕಾಟ ಇದ್ದರೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಪ್ರಯತ್ನಿಸಿ. ಅದು ಹೈಬ್ರಿಡ್. ನಾನು ಜಾಣತನ ತೋರಿಸೋಕೆ ಹೋಗಿ ಅದರ ಹಣ್ಣಿನಿಂದಲೇ ಬೀಜ ಎತ್ತಿಟ್ಟು ಮರುವರ್ಷ ಹಾಕಿದೆ. ಒಂದೊಂದು ಗಿಡ ಒಂದೊಂದು ಥರ ಬಂತು. ಹೈಬ್ರಿಡ್ ಬೀಜ ಪ್ರತಿ ಸಲ ಹೊಸದಾಗಿ ಕೊಳ್ಳಬೇಕು.

ದಾಸವಾಳಕ್ಕೆ ಹತ್ತಿಯಂತೆ ಅಂಟಿಕೊಳ್ಳೋ ಬಿಳಿ ಹಿಟ್ಟು ತಿಗಣೆಗೆ ಮೊದಲು ಜೋರಾಗಿ ನೀರು ಚಿಮುಕಿಸಿ, ಆಮೇಲೆ ಲೀಟರ್ ನೀರಿಗೆ ಒಂದು ಚಮಚ ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ದ್ರವ. ಸಂಜೆ ಮಾತ್ರ, ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತೆ. ಇರುವೆ ಸಾಲು ಕಂಡರೆ ಅದನ್ನೂ ತಡೀರಿ, ತಿಗಣೆ ಬಿಡೋ ಸಿಹಿ ಅಂಟಿಗಾಗಿ ಇರುವೆಗಳೇ ಅವನ್ನ ಕಾಯ್ತವೆ. ಪಾರಿವಾಳಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇಲ್ಲ. ಬಲೆ ಕಟ್ಟಿದೆ, ಬಲೆಯ ಮೇಲೇ ಕೂರ್ತವೆ.

ಇಷ್ಟೆಲ್ಲ ಆದ ಮೇಲೆ ಈ ವರ್ಷದ ನಿಜವಾದ ಏಟು ಬಂದದ್ದು ಗಿಡದಿಂದಲ್ಲ. ಫೆಬ್ರವರಿ ಕೊನೆಗೆ ಓನರ್ ಆಂಟಿ ಮೇಲೆ ಕರೆದರು. ತಮ್ಮ ರೂಮಿನ ಸೀಲಿಂಗ್‌ನಲ್ಲಿ ಒದ್ದೆ ಕಲೆ ತೋರಿಸಿ, "ನೋಡಪ್ಪಾ, ನಾನೇನೂ ಅನ್ನಬಾರದು ಅಂತಿದ್ದೆ. ಯುಗಾದಿಯೊಳಗೆ ಇದೆಲ್ಲ ಖಾಲಿ ಮಾಡಿಬಿಡು" ಅಂದರು. 31 ಕುಂಡ. ಬಾಡಿಗೆ ಮನೆಯಲ್ಲಿರೋರಿಗೆ ಈ ಭಯ ಗೊತ್ತಿರುತ್ತೆ. ತೋಟಕ್ಕೆ ಅಗ್ರಿಮೆಂಟ್‌ನಲ್ಲಿ ಜಾಗ ಇಲ್ಲ.

ಅವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ. ಒಂದಡಿ ಅಗಲ, ಒಂದಡಿ ಎತ್ತರದ ಗ್ರೋ ಬ್ಯಾಗ್‌ನಲ್ಲಿ ಸುಮಾರು 20 ಲೀಟರ್ ಮಣ್ಣು ಹಿಡಿಯುತ್ತೆ. ಬರೀ ಕೆಂಪು ಮಣ್ಣು ತುಂಬಿ ನೀರು ಹಾಕಿದರೆ 30 ಕೆಜಿ ಹತ್ತಿರ. ಅಂಥವು 31, ಎಲ್ಲ ತಾರಸಿಯ ಮಧ್ಯಕ್ಕೆ, ನೇರ ನೆಲದ ಮೇಲೆ. ಕೆಳಗೆ ಗಾಳಿ ಆಡಲ್ಲ, ನೀರು ಇಂಗೋಕೆ ಜಾಗ ಇಲ್ಲ. ಆಂಟಿ ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಮಾರನೇ ದಿನ ಹೋಗಿ, "ಆಂಟಿ, ಪೂರ್ತಿ ಬೇಡ, ಅರ್ಧ ತೆಗೀತೀನಿ, ಒಂದು ತಿಂಗಳು ನೋಡಿ" ಅಂದೆ. 17 ಕುಂಡ ಗೆಳೆಯರಿಗೆ ಕೊಟ್ಟೆ. ಕೊಡುವಾಗ, ಸುಳ್ಳು ಯಾಕೆ, ಹೊಟ್ಟೆ ಉರೀತು. ಎರಡು ವರ್ಷದ ನಿಂಬೆ ಗಿಡ ಹೋಯ್ತು. ಉಳಿದ 14ರಲ್ಲಿ ಮಣ್ಣು ಅರ್ಧಕ್ಕೆ ಇಳಿಸಿ ತೆಂಗಿನ ನಾರಿನ ಪುಡಿ, ಎರೆಗೊಬ್ಬರ ಸೇರಿಸಿದೆ. ಎಲ್ಲವನ್ನೂ ಗೋಡೆಯ ಅಂಚಿಗೆ ಸರಿಸಿ, ಇಟ್ಟಿಗೆ ಮೇಲೆ ಇಟ್ಟೆ. ನೀರು ಹರಿಯೋ ಕಿಂಡಿ ಪೂರ್ತಿ ಖಾಲಿ ಬಿಟ್ಟೆ. ಅದರ ಬಾಯಿಗೆ ಒಣ ಎಲೆ ತುಂಬಿ ಕಟ್ಟಿಕೊಂಡಿತ್ತು ಅಂತ ಆಗಲೇ ಗೊತ್ತಾದದ್ದು. ಯುಗಾದಿ ಕಳೆದು ಹತ್ತು ದಿನ ಆಯ್ತು. ಕಲೆ ದೊಡ್ಡದಾಗಿಲ್ಲ. ಮಾಯವೂ ಆಗಿಲ್ಲ. ಮಳೆಗಾಲದಲ್ಲಿ ನೋಡೋಣ ಅಂದಿದ್ದಾರೆ.

ಇನ್ನು ದುಡ್ಡಿನ ಲೆಕ್ಕ. ನವೆಂಬರ್‌ನಿಂದ ಇಲ್ಲಿವರೆಗೆ ಖರ್ಚು 4,870 ರೂಪಾಯಿ. ಬಂದ ಸೊಪ್ಪು, ಮೆಣಸಿನಕಾಯಿ, ಟೊಮೆಟೊಗೆ ಸಂತೆ ರೇಟು ಹಾಕಿದರೆ 600 ದಾಟಲ್ಲ. ಯಾವ ಆಡಿಟರ್ ನೋಡಿದರೂ ಅಂಗಡಿ ಮುಚ್ಚು ಅಂತಾನೆ. ಆದರೆ ಈ ಪುಸ್ತಕದಲ್ಲಿ ಕೆಲವಕ್ಕೆ ಕಾಲಂ ಇಲ್ಲ. ಸಾಸಿವೆ ಡಬ್ಬಿ ಪಕ್ಕದ ಮೆಂತ್ಯ ಒಂದು ಹಿಡಿ ಎರಚಿದರೆ ಮೂರನೇ ದಿನಕ್ಕೆ ಮಣ್ಣು ಬಿರುಕು ಬಿಟ್ಟು ತಲೆ ಎತ್ತೋದು. ಜನವರಿಯಲ್ಲಿ ಧೈರ್ಯ ಮಾಡಿ ಮೊಣಕಾಲೆತ್ತರಕ್ಕೆ ಕತ್ತರಿಸಿದ್ದ ದುಂಡುಮಲ್ಲಿಗೆ, ಕಳೆದ ವಾರ ಒಂದೇ ಸಂಜೆ 23 ಮೊಗ್ಗು ಕೊಟ್ಟಿತು. ಲ್ಯಾಪ್‌ಟಾಪ್ ಪಕ್ಕ ಒಂದು ಬಟ್ಟಲಲ್ಲಿ ಇಟ್ಟಿದ್ದೆ, ರಾತ್ರಿ ಹತ್ತಕ್ಕೆ ಅರಳಿ ಇಡೀ ರೂಮು ಘಮ್ ಅಂತು. ಅರ್ಧ ಆಂಟಿಗೆ ಕೊಟ್ಟೆ. ಲಂಚ ಅಂತ ನೀವು ಅಂದ್ಕೊಂಡರೆ ತಪ್ಪಿಲ್ಲ.

ಹೊಸದಾಗಿ ಶುರು ಮಾಡೋರು ನರ್ಸರಿಗೆ ಓಡಿ ಗುಲಾಬಿ ತರಬೇಡಿ. ಆ ಮೆಂತ್ಯದಿಂದಲೇ ಶುರು ಮಾಡಿ, ಇಪ್ಪತ್ತೈದು ದಿನಕ್ಕೆ ಸೊಪ್ಪು, ಸೋತರೂ ಕಳಕೊಳ್ಳೋದು ಐದು ರೂಪಾಯಿ. ಬಾಡಿಗೆ ಮನೆ ಆದರೆ ಮೊದಲ ಕುಂಡ ಇಡೋ ಮುಂಚೆಯೇ ಓನರ್ ಹತ್ತಿರ ಮಾತಾಡಿ, ಇಟ್ಟಿಗೆ ಮೇಲೆ ಇಡಿ. ನಿಮ್ಮ ಗಿಡ ಯಾಕೆ ಸತ್ತಿತು ಅಂತ ಗೊತ್ತಾಗದಿದ್ದರೆ ಫೋಟೋ ಸಮೇತ ಕಳಿಸಿ, ಮುಂದಿನ ಎಪಿಸೋಡ್‌ನಲ್ಲಿ ನೋಡೋಣ. ಪಾರಿವಾಳದ ಪ್ರಶ್ನೆ ಬೇಡ.

ಈಗ ಗಂಟೆ ಆರೂ ಕಾಲು. ಸೋರೆ ಬಳ್ಳಿಯಲ್ಲಿ ಎರಡು ಹೆಣ್ಣು ಮೊಗ್ಗು ಬೆಳಿಗ್ಗೆ ಬಿಳಿ ತುದಿ ತೋರಿಸ್ತಿದ್ವು, ಇವತ್ತು ಅರಳ್ತವೆ. ಮೈಕ್ ಆಫ್ ಮಾಡ್ತೀನಿ, ಮೇಲೆ ಹೋಗಬೇಕು.