ಆಟ ಕಟ್ಟುವ ಕೈಗಳು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಇವು ಕಲಬುರಗಿ ಜಿಲ್ಲೆಯ ಊರುಗಳು. ಈ ಸೀಮೆಯ ನೆಲದಡಿಯಲ್ಲಿ ಅನೇಕ ಕಡೆ ಸುಣ್ಣಕಲ್ಲು ಪದರಪದರವಾಗಿ ಹಾಸಿಕೊಂಡಿದೆ. ಅದನ್ನು ಎಬ್ಬಿಸಿ ಸೀಳಿದರೆ ದೊರೆಯುವ ಹಾಸುಗಲ್ಲನ್ನು ಜನರು ಪರಸಿ ಎನ್ನುತ್ತಾರೆ. ಮನೆಯ ಮುಂದಿನ ಪರಸಿ ಕಟ್ಟೆಯ ಮೇಲೆ ಇದ್ದಲಿನಿಂದ ಐದು ಸಾಲುಗಳಲ್ಲಿ 25 ಮನೆಗಳನ್ನು ಬರೆದರೆ ಚೌಕಾಬಾರದ ಅಂಗಳ ಸಿದ್ಧವಾಯಿತು. ನಾಲ್ಕು ಕವಡೆಗಳು, ಕಾಯಿಗಳಾಗಿ ಒಂದಿಷ್ಟು ಹುಣಸೆಬೀಜ, ಬಳೆಚೂರು ಇದ್ದರೆ ಮಧ್ಯಾಹ್ನವೆಲ್ಲ ಕಳೆದುಹೋಗುತ್ತದೆ. ಇಂದ್ಲಾರ ಮಳೆಗೆ ಗೆರೆ ಅಳಿಸಿಹೋದರೂ ಆಟ ಅಳಿಯುವುದಿಲ್ಲ. ಏಕೆಂದರೆ ಆಟದ ಜೀವವಿರುವುದು ಅದರ ನಿಯಮಗಳಲ್ಲಿ. ಆ ನಿಯಮಗಳನ್ನು ಮೊದಲು ಕಟ್ಟಿದವರು ಯಾರೆಂಬುದನ್ನು ಮಾತ್ರ ಯಾರೂ ಬಲ್ಲವರಿಲ್ಲ.

ಇಂದು ಮಕ್ಕಳು ಗಾಜಿನ ಪರದೆಯ ಮೇಲೆ ಆಡುವ ಆಟಗಳಿಗೂ ಕಟ್ಟಿದವರಿದ್ದಾರೆ. ಅಂಥ ಆಟಗಳಿಂದ ಜಗತ್ಪ್ರಸಿದ್ಧವಾದ ದೇಶಗಳಲ್ಲಿ ಜಪಾನು ಮುಖ್ಯವಾದುದು. ಅಲ್ಲಿನ ಕ್ಯೋಟೊ ನಗರದಲ್ಲಿ 1889ರಲ್ಲಿ ಫುಸಾಜಿರೊ ಯಾಮಾವುಚಿ ಎಂಬವರು ಹನಾಫುಡಾ ಎಂಬ, ಹೂಗಳ ಚಿತ್ರವುಳ್ಳ ಆಟದ ಎಲೆಗಳನ್ನು ತಯಾರಿಸುವ ಸಂಸ್ಥೆಯೊಂದನ್ನು ಆರಂಭಿಸಿದರು. ಅದೇ ಮುಂದೆ ನಿಂಟೆಂಡೊ ಎಂಬ ಹೆಸರಿನಿಂದ ವಿಶ್ವಖ್ಯಾತವಾಯಿತು. 1970ರ ದಶಕದಲ್ಲಿ ಅದು ವಿದ್ಯುನ್ಮಾನ ಆಟಗಳತ್ತ ಹೊರಳಿತು. ಅಮೆರಿಕಕ್ಕೆ ಕಳುಹಿಸಿದ ಆಟದ ಯಂತ್ರಗಳು ಒಮ್ಮೆ ಬಿಕರಿಯಾಗದೆ ರಾಶಿಬಿದ್ದವು. ಅದೇ ಯಂತ್ರಗಳಿಗೆ ಒಗ್ಗುವ ಹೊಸ ಆಟವೊಂದನ್ನು ರಚಿಸುವ ಹೊಣೆ ಶಿಗೆರು ಮಿಯಾಮೊಟೊ ಎಂಬ ತರುಣ ವಿನ್ಯಾಸಕಾರನ ಪಾಲಿಗೆ ಬಂದಿತು. 1981ರಲ್ಲಿ ಅವನು ರಚಿಸಿದ ‘ಡಾಂಕಿ ಕಾಂಗ್’ ಆಟದಲ್ಲಿ ಜಿಗಿಯುತ್ತ ಸಾಗುವ ಮೀಸೆಯ ಕೆಲಸಗಾರನೊಬ್ಬನಿದ್ದ. ಅವನೇ ಮುಂದೆ ಮಾರಿಯೊ ಎಂಬ ಹೆಸರು ಪಡೆದು ಲೋಕದ ಮಕ್ಕಳಿಗೆಲ್ಲ ಗೆಳೆಯನಾದನು. ಆ ಪಾತ್ರದ ಒಡೆತನ ಇಂದಿಗೂ ನಿಂಟೆಂಡೊ ಸಂಸ್ಥೆಯದೇ ಆಗಿದೆ.

ಗಣಕದ ಆಟವೊಂದು ಸಿದ್ಧವಾಗಬೇಕಾದರೆ ಅನೇಕ ಬಗೆಯ ಕುಶಲಿಗಳು ಕೂಡಬೇಕು. ಒಬ್ಬರು ನಿಯಮಗಳನ್ನು ಯೋಚಿಸುತ್ತಾರೆ. ಮತ್ತೊಬ್ಬರು ಅವನ್ನು ಗಣಕಕ್ಕೆ ತಿಳಿಯುವ ಆಜ್ಞೆಗಳ ರೂಪದಲ್ಲಿ ಬರೆಯುತ್ತಾರೆ. ಚಿತ್ರಕಾರರು ಮನುಷ್ಯ, ಮರ, ಮನೆ, ವಾಹನಗಳ ಆಕಾರಗಳನ್ನು ನಿರ್ಮಿಸುತ್ತಾರೆ. ಸಂಗೀತಗಾರರು ನಾದವನ್ನು ಒದಗಿಸುತ್ತಾರೆ. ಪರೀಕ್ಷಕರು ಮತ್ತೆ ಮತ್ತೆ ಆಡಿ ದೋಷಗಳನ್ನು ಹುಡುಕುತ್ತಾರೆ. ಪರದೆಯ ಮೇಲೆ ಓಡುವ ಒಂದು ಕಾರನ್ನೇ ನೋಡಬಹುದು. ಚಿತ್ರಕಾರನು ನಿಜವಾದ ಕಾರಿನ ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು, ಸಾವಿರಾರು ಸಣ್ಣ ತ್ರಿಕೋನಗಳನ್ನು ಬಲೆಯಂತೆ ಜೋಡಿಸಿ ಅದರ ಮೈಯನ್ನು ಕಟ್ಟುತ್ತಾನೆ. ಅನಂತರ ಆ ಬಲೆಯ ಮೇಲೆ ಬಣ್ಣ, ಹೊಳಪು, ಧೂಳುಗಳನ್ನು ಹೊದಿಸುತ್ತಾನೆ. ಗಣಕವು ಅದನ್ನು ಸೆಕೆಂಡಿಗೆ 30 ಅಥವಾ 60 ಬಾರಿ ಹೊಸದಾಗಿ ಬರೆದು ತೋರಿಸುವುದರಿಂದ ಕಾರು ಓಡಿದಂತೆ ಕಣ್ಣಿಗೆ ಭಾಸವಾಗುತ್ತದೆ.

ಈ ವಿದ್ಯೆಯನ್ನು ಕನ್ನಡನಾಡಿನಲ್ಲಿ ನೆಲೆಗೊಳಿಸಿದ ಸಂಸ್ಥೆಯೆಂದರೆ ಬೆಂಗಳೂರಿನ ಧ್ರುವ ಇಂಟರಾಕ್ಟಿವ್. ರಾಜೇಶ್ ರಾವ್ ಅವರು 1997ರಲ್ಲಿ ಅದನ್ನು ಸ್ಥಾಪಿಸಿದರು. ಭಾರತದಲ್ಲಿ ಗಣಕದ ಆಟಗಳನ್ನು ನಿರ್ಮಿಸಲು ಹೊರಟ ಮೊಟ್ಟಮೊದಲ ಸಂಸ್ಥೆಗಳಲ್ಲಿ ಅದೂ ಒಂದು. ಅಂದು ದೇಶದಲ್ಲಿ ಇಂಥ ಆಟಗಳನ್ನು ಕೊಳ್ಳುವವರೇ ವಿರಳ. ಆದುದರಿಂದ ಕೆಲಸಕ್ಕಾಗಿ ಪರದೇಶಗಳತ್ತ ನೋಡಬೇಕಾಯಿತು. ಫ್ರಾನ್ಸಿನ ಇನ್ಫೊಗ್ರಾಮ್ಸ್ ಸಂಸ್ಥೆಯು ‘ಮಿಷನ್ ಇಂಪಾಸಿಬಲ್’ ಆಟವನ್ನು ಗಣಕಕ್ಕೆ ಅಳವಡಿಸುವ ಕಾರ್ಯವನ್ನು ಧ್ರುವಕ್ಕೆ ವಹಿಸಿತು. ಮುಂದೆ ಅದು ತನ್ನ ಶಕ್ತಿಯನ್ನು ಹೆಚ್ಚಾಗಿ ಇತರರ ಆಟಗಳಿಗೆ ಬೇಕಾದ ಚಿತ್ರಾಂಗಗಳ ರಚನೆಗೆ ತೊಡಗಿಸಿತು. ಅಮೆರಿಕದ ಮೈಕ್ರೋಸಾಫ್ಟ್ ಪ್ರಕಟಿಸಿದ ‘ಫೋರ್ಜಾ’ ಎಂಬ ಕಾರು ಪಂದ್ಯದ ಆಟಗಳಿಗೂ, ‘ಸೀ ಆಫ್ ಥೀವ್ಸ್’ ಎಂಬ ಕಡಲ ಸಾಹಸದ ಆಟಕ್ಕೂ ಬೆಂಗಳೂರಿನ ಚಿತ್ರಕಾರರು ದುಡಿದರು.

ಧ್ರುವ ಸ್ವಂತ ಆಟಗಳ ಆಸೆಯನ್ನು ಬಿಟ್ಟಿರಲಿಲ್ಲ. ಕೈಯಲ್ಲಿ ಹಿಡಿಯುವ ದೂರವಾಣಿಗಳ ಆಟಗಳಲ್ಲಿ ಚಾರ್ಲಿ ಚಾಪ್ಲಿನ್‌ನ ರೂಪವನ್ನು ಬಳಸುವ ಹಕ್ಕನ್ನು ಅದು ಹಣ ತೆತ್ತು ಕೊಂಡಿತ್ತು. ಬೆಂಗಳೂರಿನ ಸಂಸ್ಥೆಯೊಂದು ಲೋಕವಿಖ್ಯಾತ ನಟನ ರೂಪವನ್ನು ಪಡೆದುದು ಸಾಹಸವೇ ಸರಿ. ಆದರೆ ಇಲ್ಲೊಂದು ವ್ಯತ್ಯಾಸವಿದೆ. ಮಾರಿಯೊ ನಿಂಟೆಂಡೊವಿನ ಮನೆಯಲ್ಲೇ ಹುಟ್ಟಿದ ಕೂಸು. ಚಾಪ್ಲಿನ್ ಎರವಲು ತಂದ ಅತಿಥಿ. ಮನೆಯ ಕೂಸು ಬೆಳೆದಂತೆ ಮನೆಯೂ ಬೆಳೆಯುತ್ತದೆ. ಕೂಲಿಗಾಗಿ ಮಾಡಿದ ಕೆಲಸ ಎಷ್ಟೇ ಸೊಗಸಾಗಿರಲಿ, ಅದರ ಸಂಬಳ ಒಮ್ಮೆ ಸಲ್ಲುತ್ತದೆ. ಆಟವು ವರ್ಷಗಟ್ಟಲೆ ತರುವ ಲಾಭ ಒಡೆಯನಿಗೆ ಸೇರುತ್ತದೆ.

2016ರ ಡಿಸೆಂಬರಿನಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಸಂಸ್ಥೆಯು ಧ್ರುವದ ಬಹುಪಾಲು ಒಡೆತನವನ್ನು ಕೊಳ್ಳುವುದಾಗಿ ಸಾರಿತು. ಎರಡು ವರ್ಷಗಳಲ್ಲಿ ಸ್ಟಾರ್‌ಬ್ರೀಜ್ ಸ್ವತಃ ಹಣದ ಮುಗ್ಗಟ್ಟಿಗೆ ಸಿಲುಕಿತು. 2019ರಲ್ಲಿ ಧ್ರುವವು ಅಮೆರಿಕದ ರಾಕ್‌ಸ್ಟಾರ್ ಗೇಮ್ಸ್ ಸಂಸ್ಥೆಯ ಕೈಸೇರಿತು. ಮುನ್ನೂರಕ್ಕೂ ಹೆಚ್ಚಿನ ಅದರ ಕುಶಲಿಗಳು ರಾಕ್‌ಸ್ಟಾರಿನ ಬೆಂಗಳೂರು ಶಾಖೆಯಲ್ಲಿ ಬೆರೆತುಹೋದರು. ಇಪ್ಪತ್ತೆರಡು ವರ್ಷಗಳ ಹೆಸರು ಫಲಕದಿಂದ ಇಳಿಯಿತು. ಇದನ್ನು ಸೋಲೆಂದು ಹೇಳಿಬಿಡುವುದು ಸುಲಭ; ಆದರೆ ನ್ಯಾಯವಲ್ಲ. ಧ್ರುವ ಕಾಲಿಟ್ಟಾಗ ಇಲ್ಲಿ ಈ ಕಸುಬಿಗೆ ಹಾದಿಯೇ ಇರಲಿಲ್ಲ. ಅದು ಬೆಳೆಸಿದ ಕೈಗಳು ಜಗತ್ತಿನ ಅತ್ಯುತ್ತಮ ಆಟಗಳ ಮಟ್ಟಕ್ಕೆ ದುಡಿಯಬಲ್ಲವೆಂಬುದು ಸಿದ್ಧವಾಯಿತು. ಇನ್ನು ಉಳಿದಿರುವ ಪ್ರಶ್ನೆಯೆಂದರೆ, ಆ ಕೈಗಳು ತಮ್ಮದೇ ಆದ ಆಟವನ್ನು ಯಾವಾಗ ಕಟ್ಟುವುವು ಎಂಬುದು.

ಪರಸಿಯ ಕಥೆ ಇಲ್ಲಿ ನೆನಪಿಗೆ ಬರುತ್ತದೆ. ಗಣಿಯಲ್ಲಿ ಅದನ್ನು ಸೀಳಿದ ಕೆಲಸಗಾರನ ಹೆಸರು ಯಾರಿಗೂ ತಿಳಿಯದು. ಆದರೂ ಆ ಕಲ್ಲು ಎಷ್ಟು ದೂರ ಹೋದರೂ ‘ಶಹಾಬಾದ ಕಲ್ಲು’ ಎಂದೇ ಕರೆಸಿಕೊಳ್ಳುತ್ತದೆ. ಹುಟ್ಟಿದ ಊರಿನ ಹೆಸರು ಅದರೊಂದಿಗೇ ಸಾಗುತ್ತದೆ. ಬೆಂಗಳೂರಿನಲ್ಲಿ ರೂಪುಗೊಂಡ ಕಾರಿಗೆ ಆ ಭಾಗ್ಯ ದೊರೆಯಲಿಲ್ಲ. ಆಟವಾಡುವ ಹುಡುಗನಿಗೆ ಅದು ಎಲ್ಲಿ ಹುಟ್ಟಿತೆಂಬುದು ತಿಳಿಯುವುದೇ ಇಲ್ಲ. ಕುಶಲತೆ ಅನ್ನವನ್ನು ಕೊಡುತ್ತದೆ. ಕಲ್ಪನೆ ಹೆಸರನ್ನು ಕೊಡುತ್ತದೆ. ಎರಡೂ ಒಂದೆಡೆ ಕೂಡಿದರೆ, ಇದ್ದಲಿನ ಗೆರೆಗಳ ಆ 25 ಮನೆಗಳಿಂದಲೂ ಜಗತ್ತು ಆಡುವಂಥ ಆಟವೊಂದು ಎದ್ದುಬರಬಹುದು.