ಕಾರಿನ ಸವೆದ ಬುಷ್ಷನ್ನು ಮನೆಯಲ್ಲಿ ತೆಗೆಯುವ ಕ್ರಮ

ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವುದು ನಮ್ಮ ನಾಡಿನ ಹಳೆಯ ರೂಢಿ. ಕೀಲು ಸದ್ದು ಮಾಡಿದೊಡನೆ ಎಣ್ಣೆಯನ್ನು ನೆನೆಯುವುದು ಆ ರೂಢಿಯಿಂದ ಬಂದ ಬುದ್ಧಿ. ತುಮಕೂರು, ಗುಬ್ಬಿ, ಕುಣಿಗಲುಗಳಲ್ಲಿ ಈಗ ಅನೇಕರ ಮನೆಯ ಮುಂದೆ ಕಾರು ನಿಂತಿರುವುದು. ಹಳೆಯ ಬುದ್ಧಿ ಮಾತ್ರ ಹೋಗಿಲ್ಲ. ಮುಂಚಕ್ರದ ಬಳಿ 'ಕಟಕಟ' ಎಂದರೆ ಎಂಜಿನ್ನಿನ ಎಣ್ಣೆಯನ್ನೋ ಸೀಮೆಎಣ್ಣೆಯನ್ನೋ ಬಿಡುವವರುಂಟು. ಸದ್ದು ರಬ್ಬರ್ ಬುಷ್ಷಿನದಾಗಿದ್ದರೆ ಈ ಉಪಚಾರದಿಂದ ರೋಗವು ಹೆಚ್ಚುವುದೇ ಹೊರತು ತಗ್ಗುವುದಿಲ್ಲ. ಇಂತಹ ಎಣ್ಣೆಯನ್ನು ಹೀರಿದ ರಬ್ಬರು ಊದಿ, ಮೆತ್ತಗಾಗಿ, ಹರಿದುಹೋಗುವುದು.

ಬುಷ್ ಎಂದರೇನು? ಚಕ್ರವನ್ನು ಹಿಡಿದಿರುವ ಕೆಳತೋಳು ಗಾಡಿಯ ಚೌಕಟ್ಟನ್ನು ಸೇರುವೆಡೆಯಲ್ಲಿ ಒಂದರೊಳಗೊಂದು ಎರಡು ಉಕ್ಕಿನ ಕೊಳವೆಗಳಿರುವುವು. ನಡುವಣ ರಬ್ಬರು ಸಾಮಾನ್ಯವಾಗಿ ಎರಡಕ್ಕೂ ಅಂಟಿಕೊಂಡಿರುವುದು. ಕುದುರೆಯ ಫಾರಮ್ಮಿಗೆ ಹೆಸರಾದ ಕುಣಿಗಲಿನವರಿಗೆ ಕುದುರೆಯ ಕಾಲಿನ ಸಂದುಗಳಲ್ಲಿ ಎಲುಬಿನ ತುದಿಗಳನ್ನು ಕಾಯುವ ಮೃದ್ವಸ್ಥಿಯ ಉಪಮಾನವನ್ನು ಕೊಟ್ಟರೆ ಸಾಕು. ಅಚ್ಚಿನ ಮೇಲೆ ಗಾಡಿಯ ಚಕ್ರವು ತಿರುಗುವುದು; ಬುಷ್ಷಾದರೋ ತಿರುಗುವುದಿಲ್ಲ, ತಿರುಚಿಕೊಂಡು ಮತ್ತೆ ಸ್ವಸ್ಥಾನಕ್ಕೆ ಬರುವುದು. ಈ ಭೇದವನ್ನು ಮನಸ್ಸಿನಲ್ಲಿಟ್ಟರೆ ಮುಂದಿನದೆಲ್ಲ ಸುಲಭವಾಗಿ ತಿಳಿಯುವುದು.

ರಸ್ತೆಯ ಉಬ್ಬುಗುಂಡಿಗಳಿಂದಲೂ ಬಿಸಿಲು ಗಾಳಿಗಳಿಂದಲೂ ರಬ್ಬರು ಕಾಲಕ್ರಮದಲ್ಲಿ ಬಿರಿಯುವುದು. ಆಗ ಉಬ್ಬು ದಾಟುವಾಗ ಸದ್ದಾಗುವುದು, ಟೈರು ಒಂದಂಚಿನಲ್ಲಿ ಸವೆಯುವುದು, ಬ್ರೇಕು ಒತ್ತಿದಾಗ ಗಾಡಿಯು ಪಕ್ಕಕ್ಕೆಳೆಯುವುದು. ಹೆಬ್ಬೂರಿನ ಮಾರ್ಗವಾಗಿ ಕುಣಿಗಲಿಗೆ ಹೋಗುವಾಗ ಎದುರಿಗೆ ಲಾರಿ ಬರುತ್ತಿರಲು ಹೀಗಾದರೆ ಏನಾದೀತೆಂಬುದನ್ನು ವಿವರಿಸಬೇಕಾಗಿಲ್ಲ.

ಕೆಲಸಕ್ಕೆ ತೊಡಗುವ ಮುನ್ನ ಎರಡು ಎಚ್ಚರಿಕೆಗಳು. ಕೆಲವು ಗಾಡಿಗಳಲ್ಲಿ ಸ್ಪ್ರಿಂಗು ಕೆಳತೋಳಿನ ಮೇಲೆಯೇ ಕುಳಿತಿರುವುದು. ತೋಳನ್ನು ಬಿಚ್ಚಿದೊಡನೆ ಅದು ಸಿಡಿದು ಪ್ರಾಣಕ್ಕೇ ಮುಳುವಾಗಬಹುದು. ಅಂತಹ ಗಾಡಿಯನ್ನು ಮನೆಯಲ್ಲಿ ಮುಟ್ಟಲೇ ಕೂಡದು. ಎರಡನೆಯದು, ಜಾಕಿಯೊಂದನ್ನೇ ನಂಬಿ ಗಾಡಿಯ ಕೆಳಗೆ ನುಸುಳಬಾರದು. ಇಟ್ಟಿಗೆ, ಸಿಮೆಂಟು ಬ್ಲಾಕು, ಕಲ್ಲುಗಳ ಆಸರೆಯೂ ಸಲ್ಲದು. ಅವು ಹಠಾತ್ತನೆ ಸೀಳುವುವು. ಗಟ್ಟಿಯಾದ ಸಮನೆಲದ ಮೇಲೆ ಹಿಂಚಕ್ರಗಳಿಗೆ ಅಡೆಯಿಟ್ಟು, ಗಾಡಿಯ ಕೈಪಿಡಿಯಲ್ಲಿ ತೋರಿಸಿದೆಡೆಯಲ್ಲಿ ಉಕ್ಕಿನ ಸ್ಟ್ಯಾಂಡನ್ನು ಕೊಟ್ಟು, ಅಲುಗಿಸಿ ನೋಡಿದ ಮೇಲೆಯೇ ಮುಂದುವರಿಯಬೇಕು. ಮಕ್ಕಳನ್ನು ದೂರವಿರಿಸತಕ್ಕದ್ದು.

ಗಾಡಿಯನ್ನೆತ್ತುವ ಮೊದಲೇ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಎಷ್ಟು ಎತ್ತರವಿದೆಯೆಂದು ಅಳೆದು ಬರೆದಿಟ್ಟುಕೊಳ್ಳಬೇಕು. ಅನಂತರ ಚಕ್ರವನ್ನೂ ಬೋಲ್ಟುಗಳನ್ನೂ ಬಾಲ್ ಜಾಯಿಂಟನ್ನೂ ಬಿಡಿಸಿ ತೋಳನ್ನು ಹೊರತೆಗೆಯಬೇಕು. ಹಳೆಯ ಬುಷ್ಷು ಯಾವ ಮುಖವಾಗಿ ಕುಳಿತಿದೆಯೆಂಬುದಕ್ಕೆ ಗುರುತು ಮಾಡಿಕೊಳ್ಳುವುದು ಅವಶ್ಯ.

ಇಲ್ಲಿ ಹಲವರು ಸುತ್ತಿಗೆಯನ್ನೆತ್ತುವರು. ಪೆಟ್ಟಿನಿಂದ ತೋಳಿನ ಕಣ್ಣು ಸೊಟ್ಟಗಾದರೆ ಹೊಸ ಬುಷ್ಷು ಅದರಲ್ಲಿ ನಿಲ್ಲದು. ಇನ್ನು ಕೆಲವರು ಬೆಂಕಿಯಿಟ್ಟು ರಬ್ಬರನ್ನು ಸುಡುವರು. ರಬ್ಬರಿಗೆ ಗಂಧಕವನ್ನು ಬೆರೆಸಿ ಕಾಯಿಸಿ ದೃಢಪಡಿಸುವ ಉಪಾಯವನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡನು. ಸುಟ್ಟಾಗ ಆ ಗಂಧಕವೇ ಉಸಿರು ಕಟ್ಟಿಸುವ ವಿಷಧೂಮವಾಗಿ ಮನೆಯಂಗಳವನ್ನು ತುಂಬುವುದು.

ಉತ್ತಮ ಸಾಧನವೆಂದರೆ ತಿರುಪಿನ ಶಕ್ತಿ. ಒಂದು ಉದ್ದನೆಯ ಗಟ್ಟಿ ಬೋಲ್ಟು, ನಟ್ಟು, ದಪ್ಪ ವಾಷರುಗಳು, ಬುಷ್ಷಿಗಿಂತ ತುಸು ಅಗಲವಾದ ಉಕ್ಕಿನ ಕೊಳವೆಯ ತುಂಡು, ಬುಷ್ಷಿನ ಹೊರಕೊಳವೆಗಿಂತ ಕೂದಲೆಳೆಯಷ್ಟು ಕಿರಿದಾದ ಬಿಲ್ಲೆ, ಇಷ್ಟೇ ಸಾಕು. ಬಿಲ್ಲೆ ಒಂದು ಕಡೆ, ಕೊಳವೆ ಮತ್ತೊಂದು ಕಡೆ ಇರುವಂತೆ ಬೋಲ್ಟನ್ನು ತೂರಿಸಿ, ಅದರ ತಿರುಪಿಗೆ ಗ್ರೀಸು ಸವರಿ, ನಟ್ಟನ್ನು ಮೆಲ್ಲಮೆಲ್ಲನೆ ಬಿಗಿದರೆ ಬುಷ್ಷು ಕೊಳವೆಯೊಳಕ್ಕೆ ಸರಿದು ಬರುವುದು. ಬುಷ್ಷಿಗೆ ಅಗಲವಾದ ಅಂಚಿದ್ದರೆ ಅದು ಆ ಅಂಚಿನ ಕಡೆಗೇ ಹೊರಬರಬೇಕು. ಬಲವು ಹೊರಕೊಳವೆಯ ಮೇಲೆ ಬೀಳಬೇಕು. ಒಳಕೊಳವೆಯನ್ನು ಮಾತ್ರ ಒತ್ತಿದರೆ ರಬ್ಬರು ಹರಿದು ಹೊರಕೊಳವೆಯು ಒಳಗೇ ಉಳಿಯುವುದು. ಹಾಗಾದಲ್ಲಿ ಗರಗಸದ ಅಲಗಿನಿಂದ ಆ ಕೊಳವೆಯನ್ನು ಉದ್ದಕ್ಕೆ ಸೀಳಿ ಒಳಕ್ಕೆ ಮಡಿಸಿ ತೆಗೆಯಬಹುದು. ತೋಳಿಗೆ ಗೀರು ಬೀಳಬಾರದು.

ಹೊಸದನ್ನು ಗುರುತಿನಂತೆ, ಹೊರಕೊಳವೆಯನ್ನೇ ಒತ್ತಿ ಕೂಡಿಸತಕ್ಕದ್ದು. ತೋಳನ್ನು ಸ್ವಸ್ಥಾನದಲ್ಲಿಟ್ಟಾಗ ಬುಷ್ಷಿನ ಬೋಲ್ಟನ್ನು ಕೈಬಿಗಿಯಷ್ಟೇ ತಿರುಗಿಸಬೇಕು. ತೋಳು ಜೋತಾಡುತ್ತಿರುವಾಗಲೇ ಪೂರ್ತಿ ಬಿಗಿದರೆ, ಚಕ್ರವು ನೆಲಕ್ಕಿಳಿದೊಡನೆ ರಬ್ಬರು ತಿರುಚಿಕೊಂಡು ಸದಾ ಅದೇ ಅವಸ್ಥೆಯಲ್ಲಿದ್ದು ಬೇಗನೆ ಹರಿಯುವುದು. ಆದುದರಿಂದ ಸ್ಟ್ಯಾಂಡನ್ನು ಕದಲಿಸದೆ, ತೋಳಿನ ಹೊರತುದಿಗೆ ಜಾಕಿಯನ್ನಿಟ್ಟು, ಮೊದಲು ಬರೆದಿಟ್ಟ ಅಳತೆ ಬರುವವರೆಗೆ ಎತ್ತಿ, ಆಗ ಕೈಪಿಡಿಯು ಹೇಳುವಷ್ಟು ಬಿಗಿಯಬೇಕು. ಬಳಿಕ ಚಕ್ರಗಳ ಅಲೈನ್‌ಮೆಂಟನ್ನು ಪರೀಕ್ಷೆ ಮಾಡಿಸತಕ್ಕದ್ದು.

ತಿರುಪಿಗೆ ಬಗ್ಗದ ಬುಷ್ಷಿನೊಡನೆ ಹೋರಾಡಬೇಕಾದುದಿಲ್ಲ. ಬಿಚ್ಚಿದ ತೋಳನ್ನು ಹೈಡ್ರಾಲಿಕ್ ಪ್ರೆಸ್ಸಿರುವ ಕಾರ್ಖಾನೆಗೆ ಕೊಂಡೊಯ್ದರೆ ಅದು ಸ್ವಲ್ಪ ಹೊತ್ತಿನ ಕೆಲಸ. ಕೆಲಸವನ್ನೆಲ್ಲ ಬೇರೆಯವರಿಂದ ಮಾಡಿಸುವ ಗೃಹಸ್ಥರೂ ಗೃಹಿಣಿಯರೂ ಸಹ "ಬೋಲ್ಟನ್ನು ಯಾವ ಮಟ್ಟದಲ್ಲಿ ಬಿಗಿದಿರಿ?" ಎಂದು ಕೇಳಲಿ. ಆ ಪ್ರಶ್ನೆಯ ಉತ್ತರದ ಮೇಲೆ ಹೊಸ ಬುಷ್ಷಿನ ಆಯುಸ್ಸು ಬಹುಮಟ್ಟಿಗೆ ನಿಂತಿರುವುದು.